ಲೂವೆನ್‌ಗೆ ಹೋಗುವ ಶನಿವಾರ

ಡಿಕ್ಸ್‌ಮೌಡೆ
9 ಮಾರ್ಚ್ 2003, ಭಾನುವಾರ

ಪ್ರೀತಿಯ ಓಡಿಲ್,

ಹೊಸವರ್ಷದ ಕಾಗದ ಬರೆದು ಎರಡೇ ತಿಂಗಳಾಯಿತು, ಇವಳು ಮತ್ತೆ ಯಾಕೆ ಬರೆದಳು ಎಂದು ಲಕೋಟೆಯನ್ನು ತಿರುಗಿಸಿ ತಿರುಗಿಸಿ ನೋಡಿರುತ್ತೀಯ. ಯಾರೂ ಸತ್ತಿಲ್ಲ. ಕೂತು ಓದು.

ಲೂವೆನ್‌ನಿಂದ ಮಾರಿಯೆಟ್ ಬರೆದಿದ್ದಾಳೆ. ಯಾವ ಮಾರಿಯೆಟ್ ಎಂದು ಕೇಳಬೇಡ, ನಮ್ಮ ಇರ್ಮಾ ಮದಾಮರ ಮಗಳು. ಪ್ಯಾರಿಸ್ ಬೀದಿಯ ಆ ಮನೆ, ನಾವು ಓದುವಾಗ ಮಹಡಿಯ ಮೇಲೆ ಬಾಡಿಗೆಗಿದ್ದ ಅಕ್ಕಪಕ್ಕದ ಎರಡು ಕೋಣೆ, ನಾವು ಜೋರಾಗಿ ನಕ್ಕರೆ ಕೆಳಗಿನಿಂದ ಪೊರಕೆಯ ಕೋಲಿನಲ್ಲಿ ಸೂರು ಕುಟ್ಟುತ್ತಿದ್ದ ಮದಾಮ್. ಅವರಿಗೀಗ ತೊಂಬತ್ತೊಂದು. ರೈಲು ನಿಲ್ದಾಣದ ಹಿಂದಿನ ವೃದ್ಧಾಶ್ರಮದಲ್ಲಿದ್ದಾರೆ. ಕಣ್ಣು ಪೂರ್ತಿ ಹೋಗಿದೆ, ಕಿವಿ ಮುಕ್ಕಾಲು ಹೋಗಿದೆ, ನಾಲಿಗೆ ಮಾತ್ರ ಹಾಗೇ ಇದೆಯಂತೆ. ‘ಆ ಇಬ್ಬರು ಹುಡುಗೀರು ಒಂದ್ಸಲ ಒಟ್ಟಿಗೆ ಬರ್ಲಿ, ಆಮೇಲೆ ನಾನು ಹೊರಡ್ತೀನಿ’ ಎಂದು ದಿನವೂ ಹೇಳುತ್ತಾರಂತೆ. ಈ ಬೇಸಿಗೆ ದಾಟುವುದು ಕಷ್ಟ ಎಂದು ಡಾಕ್ಟರು ಹೇಳಿದ್ದಾರೆ.

ನೀನು ಬರುವುದಿಲ್ಲ ಎಂದು ನನಗೆ ಗೊತ್ತು. ಮೂವತ್ತೈದು ವರ್ಷದಲ್ಲಿ ನಾವು ಸಮುದ್ರದ ದಡದಲ್ಲಿ ಭೇಟಿಯಾಗಿದ್ದೇವೆ, ಗೆಂಟ್‌ನಲ್ಲಿ ಭೇಟಿಯಾಗಿದ್ದೇವೆ, ನಿನ್ನ ಯಜಮಾನರು ಲೂಸಿಯನ್ ತೀರಿಹೋದಾಗ ನಿನ್ನ ಮನೆಯಲ್ಲಿ ಎಂಟು ದಿನ ಇದ್ದೇನೆ. ಲೂವೆನ್ ಎಂದರೆ ಮಾತ್ರ ನೀನು ಮುಖ ತಿರುಗಿಸುತ್ತೀಯ. ಆದರೂ ಕೇಳದೆ ಮಾರಿಯೆಟ್‌ಗೆ ಏನೆಂದು ಉತ್ತರ ಬರೆಯಲಿ?

ಅಕಸ್ಮಾತ್ ಬರುವುದಾದರೆ ಏಪ್ರಿಲ್ 5, ಶನಿವಾರ. ನಾನು ಏಳೂ ಹತ್ತರ ಗಾಡಿ ಹತ್ತಿ ಗೆಂಟ್‌ನಲ್ಲಿ ಬದಲಾಯಿಸುತ್ತೇನೆ, ನೀನು ನಾಮುರ್‌ನಲ್ಲಿ ಬದಲಾಯಿಸು. ಬ್ರಸೆಲ್ಸ್ ನಿಲ್ದಾಣದಲ್ಲಿ ಒಂಬತ್ತೂವರೆಗೆ ಸೇರೋಣ. ಅಲ್ಲಿಂದ ಅರ್ಧ ಗಂಟೆ. ಮೊದಲು ಪುರಭವನ, ಆಮೇಲೆ ಗ್ರಂಥಾಲಯದ ಗೋಪುರ, ಊಟ, ಡೈಲೆ ಹೊಳೆಯ ಪಕ್ಕದ ಹಳೆಯ ಕನ್ಯಾಮಠದ ಓಣಿಗಳು. ಮೂರು ಗಂಟೆಗೆ ಮದಾಮ್. ಪ್ರಯಾಣಕ್ಕೊಂದು ಸಾಲು ತುಂಬಬೇಕಾದ ನನ್ನ ಹತ್ತು ಸಾಲಿನ ರೈಲು ಚೀಟಿಯಲ್ಲಿ ಇನ್ನೂ ಎಂಟು ಸಾಲು ಖಾಲಿ ಇದೆ. ಮಾರಿಯೆಟ್ ಕೊಟ್ಟ ವಿಳಾಸ ಕೆಳಗೆ ಬರೆದಿದ್ದೇನೆ, ಸುಮ್ಮನೆ ಇರಲಿ ಎಂದು.

ಇಷ್ಟವಿಲ್ಲದಿದ್ದರೆ ಒಂದು ಸಾಲು ಬರೆದುಬಿಡು. ನನಗೇನೂ ಬೇಜಾರಿಲ್ಲ. ನಿಜವಾಗಿ ಹೇಳುತ್ತಿದ್ದೇನೆ, ಬೇಜಾರಿಲ್ಲ.

ನಿನ್ನ
ಲೀವ್


ಡಿನಾನ್
14 ಮಾರ್ಚ್ 2003

ನನ್ನ ಲೀವ್,

ಬೇಜಾರಿಲ್ಲ ಎಂದು ಎರಡು ಸಲ ಬರೆದಿದ್ದೀಯ. ಒಂದು ಸಲ ಬರೆದಿದ್ದರೆ ನಂಬುತ್ತಿದ್ದೆ.

ಇದರ ಜೊತೆ ನಮ್ಮೂರ ಜೇನು ಬಿಸ್ಕತ್ತು ಕಳಿಸಿದ್ದೇನೆ. ಹಾಲಿನಲ್ಲಿ ಅದ್ದದೆ ಕಚ್ಚಿ, ಹೋದ ಸಲದ ಹಾಗೆ ಹಲ್ಲು ಮುರಿದುಕೊಂಡು, ಅದೂ ನನ್ನ ತಪ್ಪೆಂದು ನಾಲ್ಕು ಪುಟ ಬರೆಯಬೇಡ.

ಇರ್ಮಾ ಮದಾಮ್! ಆ ಹೆಸರನ್ನು ನೀನು ಎಷ್ಟು ಸಲೀಸಾಗಿ ಬರೆದೆ. ನಾನು ಅಲ್ಲಿಗೇ ಕಾಗದ ಮಡಚಿಟ್ಟೆ. ಐವತ್ತಾರು ವರ್ಷದ ಹೆಂಗಸು ನಾನು, ಔಷಧದಂಗಡಿಯ ಗಲ್ಲಾದ ಮುಂದೆ ಕೂತು ಊರಿನ ಅರ್ಧ ಜನರ ಮೂಲವ್ಯಾಧಿಯ ಕಥೆ ಕೇಳಿದವಳು, ಯಾವುದಕ್ಕೂ ಹೆದರುವವಳಲ್ಲ. ಆದರೆ ಆ ಹಜಾರ ನನಗೆ ಈಗಲೂ ಕಾಣುತ್ತದೆ. 1968ರ ಜನವರಿ ಕೊನೆ. ಲೂವೆನ್ ಫ್ಲೆಮಿಶ್ ಊರು, ಫ್ರೆಂಚ್ ಮಾತಾಡುವ ನಾವು ಅಲ್ಲಿರಕೂಡದು ಎಂದು ಬೀದಿ ತುಂಬ ನಿಮ್ಮ ಹುಡುಗರು, ‘ವಾಲೋನರು ಹೊರಗೆ! ಫ್ರೆಂಚರ ಪಾಠಶಾಲೆ ಹೊರಗೆ!’ ಎಂದು ಕೂಗಿಕೊಂಡು. ಅವರ ಮೇಲೆ ನನಗೆ ಸಿಟ್ಟಿರಲಿಲ್ಲ. ಹುಡುಗರು ಕೂಗುತ್ತಾರೆ. ನೀನೂ ಮೆರವಣಿಗೆಗೆ ಹೋಗುತ್ತಿದ್ದೆ, ಪೊಲೀಸರು ನೀರು ಹಾರಿಸುತ್ತಾರೆ ಎಂದು ನಾನೇ ನನ್ನ ಕೊಡೆ ಕೊಟ್ಟು ಕಳಿಸುತ್ತಿದ್ದೆ, ನೆನಪಿದೆಯಾ? ನಮ್ಮಿಬ್ಬರ ನಡುವೆ ಅದೊಂದು ತಮಾಷೆಯಾಗಿತ್ತು.

ಆ ದಿನ ತರಗತಿ ಮುಗಿಸಿ ಬಂದೆ. ಬಾಗಿಲ ಒಳಗೆ ನನ್ನ ನೀಲಿ ಪೆಟ್ಟಿಗೆ. ಅದರ ಮೇಲೆ ಒಗೆದು ಮಡಚಿಟ್ಟ ನನ್ನ ಟವೆಲ್. ‘ಇನ್ನು ಇಲ್ಲಿ ಆಗಲ್ಲ ಮಗಳೇ, ನಿನ್ನ ಜನ ಇರೋ ಕಡೆ ಹೋಗು’ ಅಂದರು ಮದಾಮ್. ಹಿಂದಿನ ವಾರ ತಾನೇ ನನಗೆ ಜ್ವರ ಬಂದಿದ್ದಾಗ ಮಂಚದ ಮೇಲೆ ಕೂತು ಚಮಚದಲ್ಲಿ ಸೂಪು ಕುಡಿಸಿದ್ದ ಹೆಂಗಸು! ಹೊಡೆದಿದ್ದರೆ ಮರೆಯುತ್ತಿದ್ದೆ. ಆ ಟವೆಲ್ ಮಡಚಿದ್ದಾರಲ್ಲ, ಅದನ್ನು ಮರೆಯಲಾರೆ.

ನೀನೊಬ್ಬಳು ಇದ್ದೆ. ಹಿಮ ಬೆರೆತ ಮಳೆಯಲ್ಲಿ ಆ ಪೆಟ್ಟಿಗೆ ಹೊತ್ತು ನಿಲ್ದಾಣದವರೆಗೆ ಬಂದೆ, ದಾರಿಯಲ್ಲಿ ನಿನ್ನ ಜೊತೆಯ ಹುಡುಗರು ನೋಡುತ್ತಿದ್ದರೂ. ಆ ಊರಿನಲ್ಲಿ ನನ್ನ ಪಾಲಿಗೆ ಉಳಿದ ಮನುಷ್ಯಳು ನೀನೊಬ್ಬಳೇ. ಅದಕ್ಕೇ ಇವತ್ತಿಗೂ ನಾನು ಫ್ರೆಂಚ್‌ನಲ್ಲಿ ಬರೆಯುತ್ತೇನೆ, ನೀನು ಫ್ಲೆಮಿಶ್‌ನಲ್ಲಿ ಬರೆಯುತ್ತೀಯ, ನಾವಿಬ್ಬರೂ ಕೆಟ್ಟಿಲ್ಲ.

ಈಗ ಕೇಳು. ನಾನು ಬರುತ್ತೇನೆ. ಗಾಬರಿಯಾಯಿತಾ? ಲೂಸಿಯನ್ ಹೋದ ಮೇಲೆ ಹೊಟ್ಟೆಯೊಳಗೆ ಕಲ್ಲು ಇಟ್ಟುಕೊಂಡು ಸಾಯಲು ನನಗೆ ಇಷ್ಟವಿಲ್ಲ. ಒಂದೇ ಷರತ್ತು. ಆ ಮದಾಮ್ ಎದುರು ಕೂತು, ‘ನಾನು ಏನು ಮಾಡಿದ್ದೆ ಅಂತ ಹೊರಗೆ ಹಾಕಿದ್ರಿ?’ ಎಂದು ಕೇಳುತ್ತೇನೆ. ನೀನು ನನ್ನ ಪಕ್ಕ ಕೂತಿರಬೇಕು. ಏಪ್ರಿಲ್ 5 ನನಗೆ ಒಪ್ಪಿಗೆ.

ಮುತ್ತುಗಳು,
ಓಡಿಲ್


ಡಿಕ್ಸ್‌ಮೌಡೆ
20 ಮಾರ್ಚ್ 2003

ಪ್ರೀತಿಯ ಓಡಿಲ್,

ನೀನು ಒಪ್ಪಿದ್ದು ಸಂತೋಷ. ಬಿಸ್ಕತ್ತು ಸಿಕ್ಕಿತು, ಹಲ್ಲು ಕ್ಷೇಮ.

ಆದರೆ ನಿನ್ನ ಷರತ್ತಿನ ಬಗ್ಗೆ ಯೋಚಿಸಿದೆ. ತೊಂಬತ್ತೊಂದು ವರ್ಷದ ಮುದುಕಿಯನ್ನು ಕಟಕಟೆಯಲ್ಲಿ ನಿಲ್ಲಿಸಿ ಏನು ಸಿಗುತ್ತದೆ? ಅವರಿಗೆ ನೆನಪು ಇದೆಯೋ ಇಲ್ಲವೋ. ನೆನಪು ಇದ್ದರೂ ಸರಿಯಾಗಿ ಇರಬೇಕಲ್ಲ. ಒಂದಕ್ಕೊಂದು ಸೇರಿಸಿ ಏನೋ ಹೇಳಿಬಿಡಬಹುದು. ಹೂವು ಕೊಡೋಣ, ಹತ್ತು ನಿಮಿಷ ಕೂರೋಣ, ಹವಾಮಾನ ಮಾತಾಡೋಣ, ಎದ್ದು ಬರೋಣ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಇನ್ನೊಂದು ವಿಷಯ. ಏಪ್ರಿಲ್ 5 ಆಗುವುದಿಲ್ಲ. ನನ್ನ ತಂಗಿಯ ಮೊಣಕಾಲಿನ ಶಸ್ತ್ರಚಿಕಿತ್ಸೆ ಅದೇ ವಾರ ಬಂದಿದೆ, ಅವಳ ಬೆಕ್ಕು ಮತ್ತು ಗಂಡ ಇಬ್ಬರಿಗೂ ಊಟ ಹಾಕುವವರು ಬೇಕು. ಏಪ್ರಿಲ್ 26 ಇಟ್ಟುಕೊಳ್ಳೋಣ. ಒಂದು ದಡ್ಡತನವೂ ಆಗಿದೆ. ನಿನ್ನ ಕಾಗದ ಬಂದ ದಿನವೇ ನಾನು ಚೀಟಿಯ ಸಾಲುಗಳಲ್ಲಿ ದಿನಾಂಕ, ಎಲ್ಲಿಂದ, ಎಲ್ಲಿಗೆ ಎಲ್ಲವನ್ನೂ ಶಾಯಿಯಲ್ಲಿ ತುಂಬಿಬಿಟ್ಟಿದ್ದೆ. ತಿದ್ದಿದ ಸಾಲನ್ನು ಟಿಕೆಟ್ ನೋಡುವವನು ಒಪ್ಪುವುದಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ‘ಮೊದಲು ಪೆನ್ಸಿಲ್‌ನಲ್ಲಿ ಬರೀರಿ’ ಎಂದು ಹೇಳಿಕೊಟ್ಟ ಗಣಿತದ ಮೇಡಂ ಕಥೆ ಇದು.

ಏಪ್ರಿಲ್ ಕೊನೆಗೆ ಹೋದರೆ ಸಂತೆಗೆ ಬಿಳಿ ಶತಾವರಿಯ ಎಳೆ ಕಾಂಡ ಬಂದಿರುತ್ತದೆ. ಬೇಯಿಸಿದ ಮೊಟ್ಟೆ, ಕರಗಿಸಿದ ಬೆಣ್ಣೆ ಹಾಕಿ ಕೊಡುವ ಒಂದು ಊಟದ ಮನೆ ಮಾರುಕಟ್ಟೆಯ ಹಿಂದೆ ಇದೆ. ಹನ್ನೆರಡೂವರೆಗೆ ಜಾಗ ಕಾದಿರಿಸುತ್ತೇನೆ. ಬೆಳಗಿನ ಹೊತ್ತು ಪುರಭವನದ ಒಳಗೂ ಬಿಡುತ್ತಾರೆ. ನಿನಗೆ ಕಾಲುನೋವು ಇದ್ದರೆ ಗೋಪುರ ಬಿಡೋಣ. ಸಮಯ ಸಾಲದಿದ್ದರೆ ಆಶ್ರಮವನ್ನೂ ಬಿಡಬಹುದು, ನಗರವನ್ನು ನೋಡಿದ್ದೇ ಸಾಕಲ್ಲವೆ?

ನಿನ್ನ
ಲೀವ್


ಡಿನಾನ್
27 ಮಾರ್ಚ್ 2003

ಮೇಡಂ ಅವರೇ,

ನಿಮ್ಮ ವೇಳಾಪಟ್ಟಿ ತಲುಪಿತು. ಅದರಲ್ಲಿ ಶತಾವರಿಗೆ ಐದು ಸಾಲು, ಇರ್ಮಾ ಮದಾಮ್‌ಗೆ ‘ಬಿಡಬಹುದು’. ಅಲ್ಲ ಕಣೇ, ನಾನು ಶತಾವರಿ ತಿನ್ನಲು ಲೂವೆನ್‌ವರೆಗೆ ಬರಬೇಕಾ? ನಮ್ಮ ಸಂತೆಯಲ್ಲಿ ಸಿಗುವುದಿಲ್ಲವೇ?

ಗ್ರಂಥಾಲಯವನ್ನು ನಾನು ನೋಡಬೇಕು. ನಮ್ಮ ವಿಶ್ವವಿದ್ಯಾಲಯವನ್ನು ಭಾಷೆಗೊಂದರಂತೆ ಎರಡು ಮಾಡಿದಾಗ ಪುಸ್ತಕಗಳನ್ನೂ ಬೆಸ ಸಂಖ್ಯೆ ನಿಮಗೆ, ಸಮ ಸಂಖ್ಯೆ ನಮಗೆ ಎಂದು ಹಂಚಿಕೊಂಡರಲ್ಲ. ಪುಸ್ತಕ ಹಂಚಲು ಅಷ್ಟು ಬುದ್ಧಿವಂತರು ಸೇರಿ ಲೆಕ್ಕ ಹಾಕಿದರು. ಆ ಹಜಾರದಲ್ಲಿ ನಿಂತವಳ ಬಗ್ಗೆ ಯಾರೂ ಲೆಕ್ಕ ಹಾಕಲಿಲ್ಲ.

ಅವರನ್ನು ಕೇಳಿ ನನಗೇನು ಸಿಗುತ್ತದೆ ಎಂದಿದ್ದೀಯ. ನಿನಗೆ ಹೇಳದೆ ಇದ್ದ ಒಂದು ವಿಷಯ ಹೇಳುತ್ತೇನೆ, ನಾಚಿಕೆಯಿಂದ ಬಚ್ಚಿಟ್ಟಿದ್ದೆ. ನಮ್ಮ ಮಗ ಬೆನ್ವಾ ಆಲ್ಸ್ಟ್‌ನ ಹಿಲ್ಡೆಯನ್ನು ಮದುವೆಯಾದನಲ್ಲ, ಫ್ಲೆಮಿಶ್ ಹುಡುಗಿ. ಮದುವೆಯಾದ ಮೇಲೆ ಎರಡು ವರ್ಷ ನಾನು ಅವರ ಮನೆಯ ಹೊಸ್ತಿಲು ತುಳಿಯಲಿಲ್ಲ. ನಿನಗೆ ಮಾತ್ರ ಎಲ್ಲ ಚೆನ್ನಾಗಿದೆ ಎಂದು ಬರೆಯುತ್ತಿದ್ದೆ. ಹುಡುಗಿ ಬಂಗಾರದಂಥವಳು. ಅವಳು ಬಾಯಿ ತೆರೆದರೆ ನನಗೆ ‘ಇಲ್ಲಿ ಆಗಲ್ಲ ಮಗಳೇ’ ಎಂದು ಕೇಳುತ್ತಿತ್ತು, ಅಷ್ಟೇ. ಹೋಗಿ ಅವರ ಮನೆಯಲ್ಲಿ ಕೂತರೆ ಇವಳೂ ಒಂದು ದಿನ ನನ್ನ ಚೀಲ ತಂದು ಬಾಗಿಲಲ್ಲಿ ಇಡುತ್ತಾಳೆ ಎಂಬ ಹೆದರಿಕೆ. ಫ್ಲೋರ್ ಹುಟ್ಟಿದಾಗ ಬಂಧುಬಳಗಕ್ಕೆ ಹಂಚುವ, ಮಗುವಿನ ಹೆಸರು ಬರೆದ ಸಕ್ಕರೆ ಬಾದಾಮಿಯ ಪೊಟ್ಟಣ ನಮ್ಮ ಮನೆಗೆ ಅಂಚೆಯಲ್ಲಿ ಬಂತು. ಸ್ವಂತ ಅಜ್ಜಿಗೆ ಅಂಚೆಯಲ್ಲಿ! ಲೂಸಿಯನ್ ಒಬ್ಬರೇ ಹೋಗಿ ನೋಡಿಬಂದರು. ನಾನು ಮೊಮ್ಮಗಳನ್ನು ಮೊದಲ ಸಲ ಎತ್ತಿಕೊಂಡಾಗ ಅವಳು ನಡೆಯುತ್ತಿದ್ದಳು.

ಇದನ್ನೆಲ್ಲ ನಾನು ಆ ಮುದುಕಿಗೆ ಹೇಳಬೇಕು. ಹೂವು ಕೊಟ್ಟು ಹವಾಮಾನ ಮಾತಾಡಲು ನಾನು ಬರುವುದಿಲ್ಲ. ಅಷ್ಟಕ್ಕೂ ನೀನು ಯಾಕೆ ಇಷ್ಟು ಹೆದರುತ್ತೀಯ? ನಿನ್ನದೇನೂ ಇಲ್ಲವಲ್ಲ ಇದರಲ್ಲಿ.

ಏಪ್ರಿಲ್ 26 ಆಗಲಿ. ಹೊಸ ಬೂಟು ತಗೊಂಡಿದ್ದೇನೆ, ಮನೆಯೊಳಗೇ ಹಾಕಿಕೊಂಡು ಪಳಗಿಸುತ್ತಿದ್ದೇನೆ. ಮದಾಮ್‌ಗೆ ಹೇಳಬೇಕಾದ ಮಾತನ್ನು ಫ್ಲೆಮಿಶ್‌ನಲ್ಲಿ ಕಲಿಯುತ್ತಿದ್ದೇನೆ, ಫ್ಲೋರ್ ತಿದ್ದುತ್ತಾಳೆ. ‘ಅಜ್ಜೀ, ಹಾಗಲ್ಲ, ಗಂಟಲಿಂದ ಹೇಳು’ ಎಂದು ಗದರುತ್ತಾಳೆ ಎಂಟು ವರ್ಷದ ಪೋರಿ.

ಓಡಿಲ್


ಡಿಕ್ಸ್‌ಮೌಡೆ
22 ಏಪ್ರಿಲ್ 2003

ಪ್ರೀತಿಯ ಓಡಿಲ್,

ನೆಗಡಿ ಎದೆಗೆ ಇಳಿದಿದೆ. 26ಕ್ಕೆ ಆಗುವುದಿಲ್ಲ. ಮೇ 17, ಶನಿವಾರ ಇಟ್ಟುಕೊಳ್ಳೋಣವೆ? ಚೀಟಿಯ ಇನ್ನೆರಡು ಸಾಲು ಹಾಳಾಯಿತು, ಅದೇನೂ ದೊಡ್ಡದಲ್ಲ.

ಫ್ಲೋರ್ ವಿಷಯ ಓದಿದೆ. ಮೂರು ಸಲ ಉತ್ತರ ಬರೆದು ಹರಿದುಹಾಕಿದೆ, ಅದಕ್ಕೇ ಇಷ್ಟು ದಿನವಾಯಿತು.

ಲೀವ್


ಡಿನಾನ್
28 ಏಪ್ರಿಲ್ 2003

ಲೀವ್,

26ರಂದು, ಶನಿವಾರ, ಮಧ್ಯಾಹ್ನ ನಿನ್ನ ನೆಗಡಿ ಹೇಗಿದೆ ಎಂದು ವಿಚಾರಿಸೋಣ ಅಂತ ಫೋನ್ ಮಾಡಿದೆ. ಫೋನಿನಲ್ಲಿ ನಮ್ಮಿಬ್ಬರ ಭಾಷೆಯೂ ಡಿಕ್ಕಿ ಹೊಡೆದುಕೊಳ್ಳುತ್ತದೆ ಎಂದು ಗೊತ್ತಿದ್ದೂ ಮಾಡಿದೆ. ನಿನ್ನ ತಂಗಿ ಎತ್ತಿಕೊಂಡಳು. ನೀನು ತೋಟದಲ್ಲಿ ಗುಲಾಬಿ ಕತ್ತರಿಸುತ್ತಿದ್ದೀಯ ಎಂದಳು. ನನ್ನ ಫ್ಲೆಮಿಶ್ ಅಷ್ಟೇನೂ ಕೆಟ್ಟಿಲ್ಲ, ಗುಲಾಬಿ ಎಂದರೆ ಗುಲಾಬಿಯೇ. ಅವಳ ಮೊಣಕಾಲಿನ ಬಗ್ಗೆ ಕೇಳಿದೆ. ‘ನನ್ನ ಮೊಣಕಾಲಿಗೆ ಏನಾಗಿದೆ?’ ಎಂದು ಅವಳೇ ನನ್ನನ್ನು ಕೇಳಿದಳು.

ಎರಡು ದಿನ ಯೋಚಿಸಿದೆ. ನನಗೆ ಈಗ ಅರ್ಥವಾಗಿದೆ ಎಂದುಕೊಂಡಿದ್ದೇನೆ. ಲೂವೆನ್ ನಿನ್ನ ಊರು. ಅಲ್ಲಿ ನಿನ್ನ ಹಳೆಯ ಗೆಳೆಯರಿದ್ದಾರೆ, ಆಗ ಬಾವುಟ ಹಿಡಿದವರು ಈಗ ಪ್ರೊಫೆಸರು, ಮಂತ್ರಿ ಏನೇನೋ ಆಗಿರುತ್ತಾರೆ. ಬೀದಿಯಲ್ಲಿ ಜೋರಾಗಿ ಫ್ರೆಂಚ್ ಮಾತಾಡುವ ಈ ದಪ್ಪ ಹೆಂಗಸಿನ ಜೊತೆ ನಿನ್ನನ್ನು ಅವರು ನೋಡಿಯಾರು ಎಂಬ ಮುಜುಗರ ನಿನಗೆ. ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಊರೇ ಉರಿಯುತ್ತಿದ್ದಾಗ ನಾಚದೆ ನನ್ನ ಪೆಟ್ಟಿಗೆ ಹೊತ್ತವಳು ನೀನು. ಈಗ ಈ ವಯಸ್ಸಿನಲ್ಲಿ ನಾಚುತ್ತೀಯಾ? ನನಗೆ ದುಃಖವಾಯಿತು ಲೀವ್. ಸಿಟ್ಟಲ್ಲ, ದುಃಖ.

ನಾನು ತಪ್ಪು ತಿಳಿದಿದ್ದರೆ ತಿದ್ದು. ತಿದ್ದಲು ಮನಸ್ಸಿಲ್ಲದಿದ್ದರೆ ಸುಮ್ಮನಿರು. ನಾನು ಒಬ್ಬಳೇ ಹೋಗಿಬರಬಲ್ಲೆ. ಆಶ್ರಮದ ವಿಳಾಸ ನಿನ್ನ ಮೊದಲ ಕಾಗದದಲ್ಲೇ ಇದೆ.

ಓಡಿಲ್


ಡಿಕ್ಸ್‌ಮೌಡೆ
6 ಮೇ 2003, ಮಂಗಳವಾರ ಬೆಳಿಗ್ಗೆ

ಓಡಿಲ್,

ಪೆಟ್ಟಿಗೆ ಹೊರಗಿಡಿಸಿದವಳು ನಾನು.

ಈ ಒಂದು ಸಾಲು ಬರೆಯಲು ಎಂಟು ದಿನ ಬೇಕಾಯಿತು. ಎಂಟು ದಿನ ಅಂದೆ, ಮೂವತ್ತೈದು ವರ್ಷ ಅನ್ನಬೇಕಿತ್ತು. ಮುಂದಿನದನ್ನು ನೀನು ಓದದೆ ಒಲೆಗೆ ಹಾಕಿದರೂ ನಾನು ಬರೆದು ಮುಗಿಸುತ್ತೇನೆ.

ಆ ದಿನ ಬೆಳಿಗ್ಗೆ ನಮ್ಮ ಗುಂಪಿನ ನಾಲ್ಕು ಜನ ಕರಪತ್ರದ ಕಟ್ಟು ತಂದಿದ್ದರು. ವಿಲ್ಫ್ರೀಡ್ ಇದ್ದ, ಅವನೆಂದರೆ ಆಗ ನನಗೆ ಪ್ರಾಣ, ನಿನಗೆ ಗೊತ್ತು. ಬಾಗಿಲ ಗಂಟೆಯ ಪಕ್ಕ ನಮ್ಮಿಬ್ಬರ ಹೆಸರು ಓದಿ, ನಿನ್ನ ಮನೆತನದ ಹೆಸರಿನ ಮೇಲೆ ಬೆರಳಿಟ್ಟು, ‘ಕೋಲ್ಸನ್? ವಾಲೋನಳ ಜೊತೆ ಬಾಳ್ವೆ ಮಾಡ್ತಿದೀಯಾ? ಹಗಲು ಹೊರಗೆ ಹೋಗಿ ಅಂತ ಕೂಗೋದು, ಸಂಜೆ ಅವಳ ಜೊತೆ ಕಾಫಿ!’ ಎಂದ. ನಾಲ್ವರೂ ನಕ್ಕರು. ಅಷ್ಟೇ. ಬೇರೆ ಏನೂ ಆಗಲಿಲ್ಲ. ಯಾರೂ ಬೆದರಿಸಲಿಲ್ಲ, ಯಾರೂ ಕಲ್ಲು ಎತ್ತಲಿಲ್ಲ. ಆ ನಗೆ ನನಗೆ ತಡೆಯಲಾಗಲಿಲ್ಲ.

ಅಡುಗೆಮನೆಗೆ ಹೋದೆ. ಮದಾಮ್ ಚಿಕೋರಿ ಸೊಪ್ಪು ಬಿಡಿಸುತ್ತಾ ಕೂತಿದ್ದರು. ‘ಓಡಿಲ್‌ನ ಕಳಿಸಿಬಿಡಿ, ಇಲ್ಲಾಂದ್ರೆ ಹುಡುಗರು ಕಿಟಕಿ ಒಡೀತಾರೆ’ ಎಂದೆ. ಕಿಟಕಿಯ ಮಾತು ಆ ಕ್ಷಣದಲ್ಲಿ ನಾನೇ ಹುಟ್ಟಿಸಿದ್ದು.

‘ನಿನ್ನ ಗೆಳತಿ ಅಲ್ವಾ, ನೀನೇ ಹೇಳು’ ಅಂದರು.

‘ನನ್ ಕೈಲಿ ಆಗಲ್ಲ.’

‘ನಾನು ಹೇಳಿದ್ರೆ ಆ ಹುಡುಗಿ ಸಾಯೋ ತನಕ ನನ್ನ ಮುಖ ನೋಡಲ್ಲ.’

‘ನಾನು ಹೇಳಿದ್ರೆ ನನ್ನ ಮುಖ ನೋಡಲ್ಲ.’

ಅವರು ಕೈ ಒರೆಸಿಕೊಂಡು ಎದ್ದರು. ‘ಸರಿ. ನಿಮ್ಮಿಬ್ಬರ ಸ್ನೇಹ ಉಳೀಲಿ, ಬೈಗುಳ ನನಗಿರ್ಲಿ. ಆದ್ರೆ ಒಂದಿನ ನೀನೇ ಅವಳಿಗೆ ಹೇಳ್ಬೇಕು. ನಾನಾಗಿ ಬಾಯಿ ಬಿಡಲ್ಲ’ ಅಂದರು. ನಿನ್ನ ಟವೆಲ್ ಅವರು ಇಸ್ತ್ರಿ ಮಾಡಿ ಮಡಚಿದರು, ಓಡಿಲ್. ಒದ್ದೆ ಬಟ್ಟೆ ಕೊಟ್ಟು ಕಳಿಸಬಾರದು ಎಂದು.

ಆಮೇಲೆ ನಾನು ನಿನ್ನ ಪೆಟ್ಟಿಗೆ ಹೊತ್ತೆ. ನಿಲ್ದಾಣದಲ್ಲಿ ನೀನು ನನ್ನ ಕೈ ಹಿಡಿದು ಅತ್ತೆಯಲ್ಲ, ಆಗ ಹೇಳಬೇಕಿತ್ತು. ನಿನ್ನ ಜೀವಕ್ಕೆ ಹೆದರಿ ಹಾಗೆ ಮಾಡಿದೆ ಎಂದು ನನಗೆ ನಾನೇ ಬಹಳ ವರ್ಷ ಹೇಳಿಕೊಂಡೆ. ಸುಳ್ಳು. ನಾಲ್ಕು ಹುಡುಗರ ನಗೆಗೆ ಹೆದರಿದೆ. ಆ ವಿಲ್ಫ್ರೀಡ್ ಈಗ ಎಲ್ಲಿದ್ದಾನೋ ನನಗೆ ಗೊತ್ತೂ ಇಲ್ಲ.

ಮಾರಿಯೆಟ್ ಹೇಳಿದಳು, ಹಾಗಂತೆ ಹೀಗಂತೆ ಎಂದು ಬರೆದೆನಲ್ಲ, ಅದೂ ನಾಟಕ. ಪ್ರತಿ ವರ್ಷ ಬೇಸಿಗೆ ರಜೆಯಲ್ಲಿ ನಾನು ಮದಾಮ್‌ನ ನೋಡಿಬರುತ್ತೇನೆ. ಪ್ರತಿ ವರ್ಷ ಅವರು ‘ಹೇಳಿದ್ಯಾ?’ ಎಂದು ಕೇಳುತ್ತಾರೆ. ಪ್ರತಿ ವರ್ಷ ನಾನು ‘ಮುಂದಿನ ವರ್ಷ’ ಎನ್ನುತ್ತೇನೆ. ನಿನ್ನ ಹೊಟ್ಟೆಯೊಳಗಿನ ಕಲ್ಲು ನಾನು ಇಟ್ಟದ್ದು. ಫ್ಲೋರ್ ತೆವಳಿದ್ದನ್ನು ನೀನು ನೋಡಲಿಲ್ಲವಲ್ಲ, ಅದನ್ನು ಕಸಿದುಕೊಂಡವಳು ನಾನು. ತಂಗಿಯ ಮೊಣಕಾಲೂ ನನ್ನ ನೆಗಡಿಯೂ ಏನೆಂದು ಈಗ ನಿನಗೆ ಬಿಡಿಸಿ ಹೇಳಬೇಕಿಲ್ಲ.

ಹೊಟ್ಟೆಗೆ ಹಾಕಿಕೋ ಎಂದು ಕೇಳುವ ಮುಖ ನನಗಿಲ್ಲ. ಮದಾಮ್ ಮೇಲೆ ಮಾತ್ರ ಕೋಪ ಇಟ್ಟುಕೊಳ್ಳಬೇಡ. 17ರಂದು ಒಂಬತ್ತೂವರೆಗೆ ನಾನು ಬ್ರಸೆಲ್ಸ್‌ನಲ್ಲಿ ಇರುತ್ತೇನೆ. ನೀನು ಬರದಿದ್ದರೆ ಅರ್ಥಮಾಡಿಕೊಳ್ಳುತ್ತೇನೆ. ಈ ಕಾಗದವನ್ನು ಈಗಲೇ ಹೋಗಿ ಅಂಚೆಗೆ ಹಾಕುತ್ತೇನೆ, ತಡಮಾಡಿದರೆ ಮತ್ತೆ ಏನಾದರೂ ಕಾಯಿಲೆ ಹುಡುಕಿಕೊಳ್ಳುತ್ತೇನೆ.

ಲೀವ್


ಡಿನಾನ್
9 ಮೇ 2003

ಲೀವ್,

ನಿನ್ನ ಕಾಗದ ಬುಧವಾರ ಬಂದಿದೆ. ನಾನು ಅದನ್ನು ನೋಡಿದ್ದು ಬುಧವಾರ ಸಂಜೆ. ಯಾಕೆಂದರೆ ಬುಧವಾರ ಅಂಚೆಯವನು ಬರುವ ಮೊದಲೇ ನಾನು ಆರೂ ಐವತ್ತರ ಗಾಡಿ ಹತ್ತಿದ್ದೆ. ಒಬ್ಬಳೇ, ಹೊಸ ಬೂಟು ಹಾಕಿಕೊಂಡು, ಲೂವೆನ್‌ಗೆ.

ನಿನಗೆ ಹೇಳದೆ ಹೋದೆ. ನಿನ್ನ ಉತ್ತರ ಬರಲಿಲ್ಲ, ಆದ್ದರಿಂದ ನಾನು ಅಂದುಕೊಂಡದ್ದೇ ನಿಜ ಎಂದುಕೊಂಡೆ. ಊರು ನೋಡಲಿಲ್ಲ. ಪುರಭವನ, ಗೋಪುರ ಯಾವುದೂ ಇಲ್ಲ. ನಿಲ್ದಾಣದಿಂದ ನೇರ ಆಶ್ರಮಕ್ಕೆ, ಫ್ಲೋರ್ ಕಲಿಸಿದ ಮಾತನ್ನು ಬಾಯಲ್ಲಿ ಉರುಹೊಡೆಯುತ್ತಾ. ಬಾಗಿಲಲ್ಲಿದ್ದ ಹೊಸ ನರ್ಸಮ್ಮ ನಾನು ಏನಾದರೂ ಹೇಳುವ ಮೊದಲೇ ನನ್ನನ್ನು ಒಳಗೆ ಕರೆದುಕೊಂಡು ಹೋಗಿ, ಮದಾಮ್ ಕಿವಿಯಲ್ಲಿ ‘ಇರ್ಮಾ, ನಿಮ್ಮ ಲೀವ್ ಬಂದಿದಾಳೆ!’ ಎಂದು ಕೂಗಿದಳು. ಮಗಳನ್ನು ಬಿಟ್ಟರೆ ಅವರನ್ನು ನೋಡಲು ಬರುವ ಹೆಂಗಸು ನೀನೊಬ್ಬಳೇ ಅಂತೆ. ಅದು ನನಗೆ ಮೊದಲ ಹೊಡೆತ. ನೀನು ಅಲ್ಲಿಗೆ ಹೋಗುತ್ತೀಯ ಎಂದು ನನಗೆ ಗೊತ್ತೇ ಇರಲಿಲ್ಲವಲ್ಲ.

ಅಲ್ಲ, ನಾನು ಓಡಿಲ್, ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಮುದುಕಿ ನನ್ನ ಎರಡೂ ಕೈ ಹಿಡಿದುಕೊಂಡುಬಿಟ್ಟಿತು. ಎಷ್ಟು ಚಿಕ್ಕವರಾಗಿಬಿಟ್ಟಿದ್ದಾರೆ ಲೀವ್! ಕುರ್ಚಿಯಲ್ಲಿ ದಿಂಬಿಗೇ ಹೆಚ್ಚು ಜಾಗ.

‘ಹೇಳಿದ್ಯಾ ಆ ಹುಡುಗಿಗೆ?’ ಅಂದರು.

‘ಏನನ್ನ?’ ಅಂದೆ, ಅವರ ಕಿವಿಗೆ ಬಾಗಿ, ಫ್ಲೆಮಿಶ್‌ನಲ್ಲೇ.

‘ಏನನ್ನ ಅಂತ ನನ್ನೇ ಕೇಳ್ತಾಳೆ ನೋಡು! ಪೆಟ್ಟಿಗೆ ಹೊರಗಿಡಿ ಅಂದವಳು ನೀನು, ಇಟ್ಟವಳು ನಾನು. ನಾನಾಗಿ ಬಾಯಿ ಬಿಡಲ್ಲ ಅಂತ ಮಾತು ಕೊಟ್ಟೆ, ಬಿಟ್ಟಿಲ್ಲ. ವರ್ಷಾ ವರ್ಷಾ ಬರ್ತೀಯ, ಹೂವು ತರ್ತೀಯ, ಮುಂದಿನ ವರ್ಷ ಅಂತೀಯ. ನಾನೇನು ಕಲ್ಲು ಚಪ್ಪಡೀನಾ, ಹಾಗೇ ಬಿದ್ದಿರೋಕೆ?’

ಒಂದು ತಿಂಗಳು ಉರುಹೊಡೆದ ಮಾತು ಎಲ್ಲಿ ಹೋಯಿತೋ ಗೊತ್ತಿಲ್ಲ. ಗೋಡೆಯ ಮೇಲೆ ಒಂದು ಶಿಲುಬೆ ಇತ್ತು, ಅದರ ಕೆಳಗೆ ಮಾರಿಯೆಟ್ ಮಕ್ಕಳ ಪಟ. ಎದ್ದು ಹೊರಗೆ ಹೋಗಿಬಿಡೋಣ ಅನ್ನಿಸಿತು. ಅವರು ಕೈ ಬಿಡಲಿಲ್ಲ.

‘ನಾನೇ ಓಡಿಲ್’ ಎಂದು ಯಾಕೆ ಹೇಳಲಿಲ್ಲ ಎಂದು ನೀನು ಕೇಳುತ್ತೀಯ. ಹೇಳಿದ್ದರೆ ಏನಾಗುತ್ತಿತ್ತು ಯೋಚಿಸು. ತಾನಾಗಿ ಬಾಯಿ ಬಿಡುವುದಿಲ್ಲ ಎಂದು ಮಾತು ಕೊಟ್ಟು ಮೂವತ್ತೈದು ವರ್ಷ ನನ್ನ ದ್ವೇಷ ಹೊತ್ತ ಹೆಂಗಸು, ಕೊನೆಗಾಲದಲ್ಲಿ ಆ ಮಾತು ತನ್ನ ಬಾಯಿಂದಲೇ ಜಾರಿತು ಎಂದು ತಿಳಿದು ಸಾಯಬೇಕಿತ್ತು. ನಾನು ಅಷ್ಟು ಕೆಟ್ಟವಳಲ್ಲ. ಆದ್ದರಿಂದ ನಿನ್ನ ಪಾಲಿನ ಮಾತು ನಾನೇ ಆಡಿದೆ.

‘ಹೇಳಿದೆ’ ಅಂದೆ.

‘ಏನಂದ್ಲು?’

‘ಕೋಪ ಮಾಡ್ಕೊಂಡಿದಾಳೆ.’

‘ಮಾಡ್ಕೊಳ್ಲಿ, ನ್ಯಾಯವಾಗಿದೆ. ಬರ್ತಾಳಾ?’

‘ಹದಿನೇಳಕ್ಕೆ ಬರ್ತಾಳೆ.’

‘ಬರ್ಲಿ. ನೀನು ಹೇಳಿದ್ದು ನಿನ್ನ ಪಾಲು. ನನ್ನ ಪಾಲು ಇನ್ನೂ ಇದೆ. ಆಗಲ್ಲ ಅಂತ ನಿನಗೆ ಹೇಳ್ಬೋದಿತ್ತು ನಾನು. ಹೇಳ್ಲಿಲ್ಲ. ಅವಳ ಕೈ ಹಿಡ್ಕೊಂಡು ಅದನ್ನ ಕೇಳ್ಕೋಬೇಕು’ ಅಂದರು. ಆಮೇಲೆ ನನ್ನ ಬೆರಳು ತಡವಿ, ‘ಇದೇನೇ ಉಂಗುರ? ಈ ವಯಸ್ಸಿಗೆ ಮದ್ವೆ ಆದ್ಯಾ?’ ಎಂದು ಗಹಗಹಿಸಿ ನಕ್ಕರು. ನಿನ್ನ ತಾಯಿಯ ಉಂಗುರ ಎಂದು ಸುಳ್ಳು ಹೇಳಿದೆ. ನಿನ್ನ ಸಹವಾಸದಲ್ಲಿ ಅದೂ ಬಂತು.

ಗಾಡಿಯಲ್ಲಿ ಬರುವಾಗ ನಿನಗೆ ಬರೆಯಬೇಕಾದ ಬೈಗುಳವನ್ನೆಲ್ಲ ಜೋಡಿಸಿಕೊಂಡೆ. ಇನ್ನು ಮುಂದೆ ಕಾಗದ ಬೇಡ ಎಂಬುದು ಕೊನೆಯ ಸಾಲು. ಮನೆಗೆ ಬಂದರೆ ಡಬ್ಬಿಯಲ್ಲಿ ನಿನ್ನ ಲಕೋಟೆ. ಒಡೆಯುವ ಮೊದಲು ಮುದ್ರೆ ನೋಡಿದೆ. ಆರನೆಯ ತಾರೀಕು. ನಾನು ಹೋದದ್ದು ಏಳು. ನಾನು ತಿಳಿದುಕೊಳ್ಳುವ ಮೊದಲೇ ನೀನು ಹೇಳಿದ್ದೀಯ, ಒಂದೇ ಒಂದು ದಿನದ ಅಂತರದಲ್ಲಿ. ಆ ಒಂದು ದಿನ ಇಲ್ಲದಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ.

ನಿನ್ನನ್ನು ಕ್ಷಮಿಸಿದೆನೋ ಇಲ್ಲವೋ ನನಗೆ ಗೊತ್ತಿಲ್ಲ. ಎರಡು ದಿನದಿಂದ ಅಡುಗೆ ಮಾಡುವಾಗ ಒಮ್ಮೆ ಅಳುತ್ತೇನೆ, ಒಮ್ಮೆ ಪಾತ್ರೆ ಕುಕ್ಕುತ್ತೇನೆ. ನಿನ್ನೆ ಆಲ್ಸ್ಟ್‌ಗೆ ಹೋಗಿ ಹಿಲ್ಡೆಯ ಕೈಯಡುಗೆ ಉಂಡು ಬಂದೆ, ಯಾರೂ ಕರೆಯದೆ. ಅವಳು ಬಾಗಿಲು ತೆರೆದು ಗಾಬರಿಯಾದಳು.

17ಕ್ಕೆ ನಾನು ಬರುತ್ತೇನೆ. ಆದರೆ ಇದನ್ನು ಸರಿಯಾಗಿ ಓದಿಕೋ. ಕಣ್ಣು ಕಾಣದ ಮದಾಮ್ ಪಾಲಿಗೆ ಈಗ ಉಂಗುರದ ಕೈ ಲೀವ್, ಬೋಳು ಕೈ ಓಡಿಲ್. ಲೂಸಿಯನ್ ಹಾಕಿದ ಉಂಗುರ ನಾನು ಕಳಚುವವಳಲ್ಲ. ಕಳಚಬಹುದಾಗಿದ್ದರೂ ಕಳಚುತ್ತಿರಲಿಲ್ಲ, ನನಗೆ ಇದು ಹೀಗೇ ಆಗಬೇಕು. ಅವರ ಎದುರಿನ ಕುರ್ಚಿಯಲ್ಲಿ ನೀನು ಕೂರುತ್ತೀಯ. ನಿನ್ನ ಕೈ ಹಿಡಿದು, ‘ಓಡಿಲ್, ತಪ್ಪಾಯ್ತು ಮಗಳೇ’ ಎನ್ನುತ್ತಾರೆ. ನೀನು ಮಾಡಿಸಿದ ತಪ್ಪಿಗೆ ಅವರು ನಿನ್ನ ಹತ್ತಿರ ಕ್ಷಮೆ ಕೇಳುತ್ತಾರೆ. ನಾನು ಪಕ್ಕದಲ್ಲಿ ಕೂತು ಕೇಳುತ್ತಿರುತ್ತೇನೆ.

ಓಡಿಲ್ ಆಗಿ ನೀನೇ ಉತ್ತರ ಕೊಡಬೇಕು. ಏನು ಹೇಳಬೇಕು ಎಂದು ನಾನು ಬರೆದು ಕಳಿಸುವುದಿಲ್ಲ.

ಓಡಿಲ್